ಮಡುವಿನ ಆಳ ಬಲ್ಲವರು

ಬೇಸಿಗೆ ರಜೆ ಬಂತೆಂದರೆ ಹೊನ್ನಾಳಿ, ನ್ಯಾಮತಿ ಸೀಮೆಯ ಹುಡುಗರಿಗೆ ತುಂಗಭದ್ರೆಯೇ ಆಟದ ಬಯಲು. ಎಲ್ಲಿ ಮೊಣಕಾಲುದ್ದ ನೀರು, ಎಲ್ಲಿ ಆಳುದ್ದದ ಮಡು ಎಂದು ಹಿರಿಯರು ದಡದಲ್ಲೇ ನಿಂತು ಕೈತೋರಿ ಹೇಳುತ್ತಿದ್ದರು. ಬಾಳೆಮೀನು ಯಾವ ಮಡುವಿನಲ್ಲಿ ಸಿಕ್ಕೀತು ಎಂಬುದು ಬೆಸ್ತರ ಮನೆಯ ಮುದುಕರಿಗೆ ಬಾಯಿಪಾಠ. ಮರಳು ತೆಗೆದಲ್ಲೆಲ್ಲ ಆ ಅರಿವು ಕೆಲಸಕ್ಕೆ ಬಾರದಂತಾಗಿದೆ. ಹೋದ ವರ್ಷ ಮಕ್ಕಳು ನಿಂತು ನೀರೆರಚಿದ ಜಾಗದಲ್ಲಿ ಈ ವರ್ಷ ಯಾರಿಗೂ ಆಳ ತಿಳಿಯದ ಗುಂಡಿ ಇರಬಹುದು.

ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ, ಭದ್ರೆಯರು ಬೆಟ್ಟದ ಕಲ್ಲನ್ನು ಅರೆದು ಅರೆದು ತಂದು ಹಾಸಿದ ಮರಳು ಇದು. ಗಾಜನೂರು, ಲಕ್ಕವಳ್ಳಿ ಅಣೆಕಟ್ಟುಗಳು ಮೇಲೆಯೇ ತಡೆಯುವುದರಿಂದ ಹೊಸದಾಗಿ ಬಂದು ಸೇರುವುದು ಕಡಿಮೆ. ಇರುವ ಮರಳು ನೀರನ್ನು ಹೇಗೆ ಹಿಡಿದಿಟ್ಟಿದೆ ಎಂದು ತಿಳಿಯಲು ಕಡುಬೇಸಿಗೆಯಲ್ಲಿ ಮೊಣಕೈಯುದ್ದ ಬಗೆದು ನೋಡಬೇಕು. ಮೊದಲು ಕದಡಿದ ನೀರು ಒಸರುತ್ತದೆ. ನಾಲ್ಕು ಬೊಗಸೆ ಎತ್ತಿ ಚೆಲ್ಲಿ ತುಸು ಕಾದರೆ ತಳದ ಹರಳು ಎಣಿಸುವಷ್ಟು ತಿಳಿಯಾಗುತ್ತದೆ. ದಡದ ಬಾವಿಗಳಿಗೂ ಈ ಒರತೆಯೇ ಆಸರೆ.

ಹೊಳೆ ಸೊರಗಿದಾಗ ಮೀನು ಜೀವ ಹಿಡಿಯುವುದು ಮಡುಗಳಲ್ಲಿ. ಮಲೆನಾಡಿನವರು ಹತ್ತುಮೀನು ಎನ್ನುತ್ತಾರಲ್ಲ, ಮುಂಗಾರಿನ ಹೊಸನೀರಿಗೆ ಮೊಟ್ಟೆ ಹೊತ್ತು ಹಳ್ಳ, ಗದ್ದೆಗಳತ್ತ ಏರುವ ಆ ತಾಯಿಮೀನುಗಳು ಬೇಸಿಗೆ ದಾಟಿ ಉಳಿದಿದ್ದರೆ ತಾನೆ ಏರುವುದು? ಶೃಂಗೇರಿಯ ಮಠದ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನೆಂದು ಜನ ಬಲೆ ಬೀಸುವುದಿಲ್ಲ. ತೋಳುದ್ದದ ಮೀನುಗಳು ಅಲ್ಲಿ ಕಾಲ ಬುಡಕ್ಕೇ ಬಂದು ಮಂಡಕ್ಕಿ ತಿನ್ನುತ್ತವೆ. ಅದೇ ನೀರು ಕೆಳಗೆ ಹರಿದು ಹೊನ್ನಾಳಿಯ ರಾಯರ ಮಠದ ಊರಿಗೆ ಬರುವಷ್ಟರಲ್ಲಿ ಆ ಭಕ್ತಿಯೂ ಯಾಕೆ ತೆಳುವಾಗಬೇಕು?

ಇದು ದಡದ ಊರುಗಳ ಪಾಡು ಮಾತ್ರ ಎಂದು ಉಳಿದವರು ಸುಮ್ಮನಿರುವಂತಿಲ್ಲ. ಚನ್ನಗಿರಿಯ ಸೂಳೆಕೆರೆಯಿಂದ ಇಳಿಯುವ ಹರಿದ್ರಾ ಸೇರುವುದು ಹರಿಹರದಲ್ಲಿ ಇದೇ ಹೊಳೆಯನ್ನು. ಬರದ ಜಗಳೂರಿನ ಕೆರೆಗಳಿಗೆ 57 ಕೆರೆಗಳ ಯೋಜನೆಯಲ್ಲಿ ನೀರೆತ್ತುವುದೂ ಇದೇ ಹೊಳೆಯಿಂದ, ಹರಿಹರ ತಾಲ್ಲೂಕಿನ ದೀಟೂರಿನ ಬಳಿ.

ದಡದ ಪ್ರತಿ ಊರೂ ಒಂದು ಮಡುವನ್ನಾದರೂ ಬಲೆಗೂ ಜೆಸಿಬಿಗೂ ಬಿಟ್ಟುಕೊಡುವುದಿಲ್ಲ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಲಿ. ಅದಕ್ಕೂ ಮೊದಲು, ಶಾಲೆಗೆ ರಜೆ ಬೀಳುವ ಮುಂಚೆಯೇ, ಹೊಳೆ ಬಲ್ಲ ಬೆಸ್ತರಿಗೆ ಕೂಲಿ ಕೊಟ್ಟು ಗುಂಡಿಗಳ ಆಳ ಅಳೆಸಿ, ಕೆಂಪು ಬಟ್ಟೆ ಕಟ್ಟಿದ ಗಳ ನೆಡಿಸುವ ಕೆಲಸವನ್ನು ಪಂಚಾಯಿತಿಗಳು ಮಾಡಬೇಕು.