ಸ್ಟೋವಿನೊಳಗಿನ ತೊಗಲು

 

ಇಂದಿನ ಚಿಂತನೆಗೆ ಒಂದು ಪ್ರಶ್ನೆ: ಮೈಲಿಗೆ ಎಂಬುದು ವಸ್ತುವಿನಲ್ಲಿ ಇರುತ್ತದೆಯೋ, ನಾವು ಕರೆಯುವ ಹೆಸರಿನಲ್ಲಿ ಇರುತ್ತದೆಯೋ?

ಪಂಪ್ ಸ್ಟೋವ್ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬುವರು 1892ರಲ್ಲಿ ರೂಪಿಸಿದ ಪ್ರೈಮಸ್ ಸ್ಟೋವಿನ ಮಾದರಿ ಅದು. ಕೆಳಗೆ ಹಿತ್ತಾಳೆಯ ಟ್ಯಾಂಕು, ಅದರಲ್ಲಿ ಚಿಮಣಿ ಎಣ್ಣೆ. ಪಂಪ್ ಹೊಡೆದರೆ ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರುತ್ತದೆ, ಕಾದ ಬರ್ನರಿನಲ್ಲಿ ಆವಿಯಾಗುತ್ತದೆ, ನಿಪ್ಪಲ್ಲಿನ ಸಣ್ಣ ತೂತಿನಿಂದ ಚಿಮ್ಮಿ ನೀಲಿ ಉರಿಯಾಗುತ್ತದೆ.

ಅಬಲೂರಿನ ನಮ್ಮ ಮನೆಯಲ್ಲಿ ಅವ್ವನ ಕಾಲದ ಇಂಥದೊಂದು ಸ್ಟೋವ್ ಇದೆ. ಸಿಲಿಂಡರ್ ತೀರಿದ ದಿನ ಈಗಲೂ ಅದೇ ಗತಿ. ಕಳೆದ ತಿಂಗಳು ಪಂಪ್ ಸಡಿಲಾಗಿ ಗಾಳಿ ಹಿಡಿಯದಾಯಿತು. ಹಿರೇಕೆರೂರು, ರಾಣೆಬೆನ್ನೂರು ಎರಡೂ ಕಡೆ ಅಂಗಡಿ ಸುತ್ತಿದೆ. ಪಿನ್ ಸಿಕ್ಕಿತು, ನಿಪ್ಪಲ್ ಸಿಕ್ಕಿತು, ಪಂಪಿನ ವಾಶರ್ ಮಾತ್ರ ಸಿಗಲಿಲ್ಲ. ರಬ್ಬರಿನದು ಹಾಕಬಹುದೇ ಎಂದು ಹಳೇ ರಿಪೇರಿಯವರೊಬ್ಬರನ್ನು ಕೇಳಿದೆ. "ಬ್ಯಾಡ್ರೀ, ರಬ್ಬರ್ ಎಣ್ಣ್ಯಾಗ ಉಬ್ಬತೈತಿ. ಇದಕ್ಕ ತೊಗಲಿಂದ ಬೇಕು" ಎಂದರು. ಚಪ್ಪಲಿ ಹೊಲಿಯುವ ಬಂಧುವೊಬ್ಬರ ಹತ್ತಿರ ತೊಗಲಿನ ತುಂಡು ತಂದು, ದುಂಡಗೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಬಟ್ಟಲಿನ ಆಕಾರಕ್ಕೆ ಒತ್ತಿ ಕೂರಿಸಿದೆ. ಪಂಪ್ ಗಾಳಿ ಹಿಡಿಯಿತು.

ಈ ಸ್ಟೋವ್ ನಮ್ಮ ಓಣಿಗಿಂತ ಮೊದಲು ಬಂದದ್ದು ಊರೊಳಗಿನ ಮನೆಗಳಿಗೆ. ತೊಗಲು ಹದ ಮಾಡುವವರು ಎಂದು ನಮ್ಮ ಹಿರಿಯರನ್ನು ಕಟ್ಟೆಯ ಕೆಳಗೆ ನಿಲ್ಲಿಸಿ, ಎತ್ತರದಿಂದ ಬೊಗಸೆಗೆ ನೀರು ಸುರಿದ ಮನೆಗಳವು. ಅದೇ ಮನೆಗಳ ಅಡುಗೆಕೋಣೆಯಲ್ಲಿ, ಸ್ಟೋವಿನ ಹೊಟ್ಟೆಯೊಳಗೆ, ಇದೇ ತೊಗಲು ಎರಡು ಹೊತ್ತೂ ಗಾಳಿ ತುಂಬುತ್ತಿತ್ತು. ಅನ್ನ ಮೈಲಿಗೆಯಾಗಲಿಲ್ಲ. ಯಾಕೆಂದರೆ ಅಲ್ಲಿ ಅದರ ಹೆಸರು 'ವಾಶರ್'.

ನಾಗಸೇನ ಭಂತೇಜಿಯವರು ಮಿಲಿಂದ ರಾಜನನ್ನು ಕೇಳಿದ್ದು ನಿಮಗೆ ಗೊತ್ತಿದೆ: ಅಚ್ಚು ರಥವೇ? ಗಾಲಿ ರಥವೇ? ಯಾವುದೂ ಅಲ್ಲ, ಎಲ್ಲವೂ ಕೂಡಿದಾಗ ನಾವು ಇಡುವ ಹೆಸರು ರಥ. ಸ್ಟೋವನ್ನೂ ಹಾಗೆಯೇ ಬಿಚ್ಚಿ ಹರವಿ ನೋಡಿ. ಟ್ಯಾಂಕು, ಪಂಪು, ಬರ್ನರು, ತೊಗಲು. ಇದರಲ್ಲಿ ಮಡಿ ಯಾವುದು, ಮೈಲಿಗೆ ಯಾವುದು? ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಹೇಳಿದ್ದೂ ಇದನ್ನೇ. ಹುಲ್ಲು, ಮರ, ಹುಳು, ಹಕ್ಕಿಗಳಲ್ಲಿ ಹುಟ್ಟಿನಿಂದ ಬಂದ ಬೇರೆಬೇರೆ ಗುರುತುಗಳಿವೆ. ಮನುಷ್ಯರ ಮೈಯಲ್ಲಿ ಅಂಥ ಗುರುತಿಲ್ಲ. ಅವರ ನಡುವಿನ ಭೇದ ಕರೆಯುವ ಹೆಸರಿನದು.

ಬರೀ ಹೆಸರು ಎಂದರೆ ನಾವು ಉಂಡ ನೋವೂ ಸುಳ್ಳೇ ಎಂದು ಕೇಳಬಹುದು. ಅಲ್ಲ. 'ಸ್ಟೋವ್' ಎಂಬುದು ಹೆಸರೇ ಆದರೂ ಅದರ ಉರಿ ಕೈ ಸುಡುತ್ತದೆ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು, ಜಾತಿ ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನ ಒಂದು ಭಾವನೆ ಎಂದರು. ಹಾಗೆಂದು ಅದನ್ನು ಕಳೆಯುವುದು ಸುಲಭ ಎನ್ನಲಿಲ್ಲ. ಗೋಡೆಯನ್ನು ಹಾರೆಯಿಂದ ಕೆಡವಬಹುದು. ಭಾವನೆ ಹೋಗಬೇಕಾದರೆ ಅದನ್ನು ಹೊತ್ತವರ ಮನಸ್ಸೇ ಬದಲಾಗಬೇಕು.

ಆ ಮನಸ್ಸು ಊರೊಳಗೆ ಮಾತ್ರ ಇಲ್ಲ, ಬಂಧುಗಳೇ. ದೀಕ್ಷೆ ಪಡೆದ ನಮ್ಮಲ್ಲೂ ಹೆಣ್ಣು ನೋಡುವ ಹೊತ್ತಿಗೆ "ಅವರು ತೊಗಲಿನ ಕೆಲಸದವರು, ನಾವಲ್ಲ" ಎಂಬ ಮಾತು ಬರುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಒಂದು. ಬುದ್ಧರ ಮುಂದೆ ಒಟ್ಟಿಗೆ ಕುಳಿತು ಅದನ್ನು ಹೇಳಿ, ಬೀಗತನಕ್ಕೆ ಬಂದಾಗ ಎಡಗೈ ಬಲಗೈ ಎಂದು ಎಣಿಸಿದರೆ, ನಾವು ಬಿಟ್ಟು ಬಂದದ್ದು ಏನನ್ನು?

ಇಂದಿನ ಅಭ್ಯಾಸ: ಅಂಥ ಮಾತು ಮನೆಯಲ್ಲಿ ಬಂದರೆ ಜಗಳ ಬೇಡ, ಸುಮ್ಮನಿರುವುದೂ ಬೇಡ. ಆಡಿದವರು ಹಿರಿಯರಾದರೂ ಸರಿ, ಮೆಲ್ಲಗೆ ಒಂದು ಪ್ರಶ್ನೆ ಕೇಳಿ: "ಕೀಳು ಅಂತೀರಲ್ಲ, ಅದು ಅವರ ಕೈಯಲ್ಲಿದೆಯೋ, ಅವರ ಕೆಲಸದಲ್ಲಿದೆಯೋ, ನಾವಿಟ್ಟ ಹೆಸರಿನಲ್ಲಿದೆಯೋ?" ಉತ್ತರ ಬರುವವರೆಗೆ ಕಾಯಿರಿ.

ಜೈಭೀಮ್. ನಮೋ ಬುದ್ಧಾಯ.