ಕಬ್ಬಿಣದ ಪೂರ್ವಜನ್ಮ

ಎರಕದ ತುಂಡಿನಲ್ಲಿ ಬ್ಲೋಹೋಲ್, ಅಂದರೆ ಗಾಳಿಯ ಪೊಳ್ಳು, ಬಿತ್ತೆಂದರೆ ಫೌಂಡ್ರಿಯಲ್ಲಿ ಯಾರೂ ಕಬ್ಬಿಣದ ಪೂರ್ವಜನ್ಮ ವಿಚಾರಿಸುವುದಿಲ್ಲ. ಉಸುಕು ಹಸಿ ಹೆಚ್ಚಾಗಿತ್ತೇ, ಗಾಳಿಗೆ ತೂತು ಚುಚ್ಚಿದ್ದರೇ ಎಂದು ಕೇಳುತ್ತಾರೆ. ಬೆಳಗಾವಿಯ ಉದ್ಯಮಬಾಗದಲ್ಲಿ ಮೋಲ್ಡರ್ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡು ಬೆಟಗೇರಿಗೆ ಮರಳಿದವನು ನಾನು. ದೇವರ ಮೇಲೆ ಭಕ್ತಿಗೇನೂ ಕಡಿಮೆಯಿಲ್ಲ. ಆದರೆ ಶ್ರಾವಣದ ಪ್ರವಚನದಲ್ಲಿ ಶಾಸ್ತ್ರಿಗಳೊಬ್ಬರು, ಹಿಂದಿನ ಕರ್ಮವೇ ಅಚ್ಚು, ಜೀವ ಅದರಲ್ಲಿ ಹೊಯ್ದ ಲೋಹ, ಕುಂಟ ಕುರುಡರೆಲ್ಲ ತಮ್ಮ ಅಚ್ಚು ತಾವೇ ಮಾಡಿಕೊಂಡು ಬಂದವರು ಅಂದಾಗ ತಲೆದೂಗಲು ನನ್ನಿಂದಾಗಲಿಲ್ಲ.

ಅಚ್ಚನ್ನು ಅವರು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು. ಬೆಂಟೊನೈಟ್ ಮಣ್ಣು, ನೀರು ಕಲಸಿದ ಉಸುಕನ್ನು ಪ್ಯಾಟರ್ನ್ ಎಂಬ ಮಾದರಿಯ ಸುತ್ತ ಬಡಿದು, ಪ್ಯಾಟರ್ನ್ ಎತ್ತಿದರೆ ಉಳಿಯುವ ಪೊಳ್ಳೇ ಅಚ್ಚು. ಸುಮಾರು 1,350 ಡಿಗ್ರಿ ಕಾದ ಕಬ್ಬಿಣ ಇಳಿದ ಕೂಡಲೇ ಉಸುಕಿನ ನೀರು ಉಗಿಯಾಗುತ್ತದೆ. ಹೊರಗೆ ದಾರಿ ಸಿಗದಿದ್ದರೆ ಅದು ಲೋಹದೊಳಗೇ ನುಗ್ಗುತ್ತದೆ. ಆರುವಾಗ ಕಬ್ಬಿಣ ಕುಗ್ಗುತ್ತದೆ ಕೂಡ. ಅದಕ್ಕೇ ಪ್ಯಾಟರ್ನನ್ನು ಮೀಟರಿಗೆ ಸುಮಾರು 10 ಮಿಲಿಮೀಟರ್ ದೊಡ್ಡದಾಗಿ ಮಾಡಿಸುತ್ತೇವೆ. ದಪ್ಪ ಭಾಗದ ಮೇಲೆ ರೈಸರ್ ಇಟ್ಟು ಕೊರತೆ ತುಂಬಲು ಹೆಚ್ಚಿನ ಲೋಹ ನಿಲ್ಲಿಸುತ್ತೇವೆ. ಕುಗ್ಗುವುದು ಕಬ್ಬಿಣದ ಸ್ವಭಾವ, ಪಾಪವಲ್ಲ. ಅದನ್ನು ಮೊದಲೇ ಲೆಕ್ಕ ಹಿಡಿಯದವನು ಮೋಲ್ಡರನೇ ಅಲ್ಲ.

ಇದೇನು ಇಂಗ್ಲಿಷರು ತಂದ ಬುದ್ಧಿಯಲ್ಲ. ನಮ್ಮ ಲಕ್ಷ್ಮೇಶ್ವರ ಪುಲಿಗೆರೆಯಾಗಿ ಕಲ್ಯಾಣ ಚಾಲುಕ್ಯರ ಕೈಯಲ್ಲಿದ್ದಾಗ, 1130ರ ಸುಮಾರಿಗೆ, ಮೂರನೆಯ ಸೋಮೇಶ್ವರ ದೊರೆ ‘ಮಾನಸೋಲ್ಲಾಸ’ದಲ್ಲಿ ಮೂರ್ತಿ ಎರೆಯುವ ಕ್ರಮ ಬರೆದಿಟ್ಟ. ಮೇಣದ ಮೂರ್ತಿಗೆ ಮೆತ್ತುವ ಮಣ್ಣಿನಲ್ಲಿ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಇರಬೇಕು. ಮೂರು ಲೇಪ ಕೊಟ್ಟು ನೆರಳಲ್ಲಿ ಒಣಗಿಸಬೇಕು. ಆಮೇಲೆ ಮೇಣ ಕರಗಿಸಿ ತೆಗೆದು ಆ ಪೊಳ್ಳಿಗೆ ಲೋಹ ಹೊಯ್ಯಬೇಕು. ಹತ್ತಿ ಯಾಕೆಂದು ಮೋಲ್ಡರನಿಗೆ ಯಾರೂ ಹೇಳಿಕೊಡಬೇಕಿಲ್ಲ: ಅದು ಸುಟ್ಟುಹೋದ ಜಾಗವೇ ಗಾಳಿಗೆ ದಾರಿ. ಮೇಣದ ತೂಕಕ್ಕೆ ಹಿತ್ತಾಳೆ, ತಾಮ್ರವಾದರೆ 8 ಪಟ್ಟು, ಬೆಳ್ಳಿ 12, ಬಂಗಾರ 16. ಲೋಹ ಕಡಿಮೆ ಬಿದ್ದರೆ ದೇವರಿಗೂ ಅರ್ಧ ಕೈಯೇ.

ಶಾಸ್ತ್ರಿಗಳ ಪರವಾಗಿಯೂ ಒಂದು ಮಾತುಂಟು. ಗುಜರಿ ಕಬ್ಬಿಣ ತನ್ನ ಹಿಂದಿನದನ್ನು ಹೊತ್ತುಕೊಂಡೇ ಕುಪೋಲಾ ಕುಲುಮೆಗೆ ಬೀಳುತ್ತದೆ, ಗಂಧಕವೋ ಮತ್ತೊಂದೋ. ಆದರೆ ಎರೆಯುವ ಮೊದಲು ನಾವು ಬೆಣೆಯಂಥ ಸಣ್ಣ ತುಂಡು ಹೊಯ್ದು, ಆರಿಸಿ, ಮುರಿದು ನೋಡುತ್ತೇವೆ. ಮುರಿದ ಅಂಚು ಹೆಚ್ಚು ಬೆಳ್ಳಗಿದ್ದರೆ ಕಬ್ಬಿಣ ಬಿರುಸು. ಸಿಲಿಕಾನ್ ಸೇರಿಸಿ ಸರಿಮಾಡುತ್ತೇವೆ. ಹುಟ್ಟಿದ ಕೂಸಿನ ಪೂರ್ವಜನ್ಮವನ್ನು ಹೀಗೆ ನೋಡಿದವರು ಯಾರು? ಯಾರೂ ನೋಡದ ದೋಷವನ್ನು ಹಸುಗೂಸಿನ ಹೆಸರಿಗೆ ಬರೆದುಬಿಡುವುದು ಧರ್ಮವಲ್ಲ, ಕೈಗೆಲಸದ ಸೋಮಾರಿತನ.

ಮುಂಡರಗಿ ಕಡೆ ಹೋಗಿ ನೋಡಿರಿ. ಹಲ್ಲು ಕಂದಿದ ಮಕ್ಕಳು, ಸೊಂಟ ಬಾಗಿದ ಹಿರಿಯರು. ‘ಪಡಕೊಂಡು ಬಂದದ್ದು’ ಎಂದು ಮುದುಕಿಯರು ಹಣೆ ಮುಟ್ಟಿ ತೋರಿಸುತ್ತಾರೆ. ಕಾರಣವೋ, ಬಂಡೆಯಿಂದ ಬೋರಿನ ನೀರಿಗೆ ಇಳಿದ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಬಲಿಯುವ ವಯಸ್ಸಿನಲ್ಲಿ ಅದು ಹೆಚ್ಚಾದರೆ ಕಲೆ ಜೀವಮಾನವಿಡೀ ನಿಲ್ಲುತ್ತದೆ. ಶಿರಹಟ್ಟಿ ಫಕೀರೇಶ್ವರರ ಗದ್ದುಗೆಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಪೂರ್ವಜನ್ಮದ ನಂಬಿಕೆ ಒಬ್ಬರಿಗುಂಟು, ಇನ್ನೊಬ್ಬರಿಗಿಲ್ಲ. ಒಂದೇ ಬೋರಿನ ನೀರು ಕುಡಿದರೆ ಹಲ್ಲು ಮಾತ್ರ ಇಬ್ಬರದೂ ಕಂದುತ್ತದೆ. ಕರ್ಮಸಿದ್ಧಾಂತ ಹೇಳುವವರು ಇದಕ್ಕೆ ಉತ್ತರ ಕೊಟ್ಟ ಮೇಲೆ ನಾನು ತಲೆದೂಗುತ್ತೇನೆ.

ಹರಕೆ ಹೊರಿರಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ನಿಮ್ಮ ಬೋರಿನ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡಿರಿ. ಕುದಿಸಿ ಕುಡಿಯುತ್ತೇವಲ್ಲ ಎಂದು ಸುಮ್ಮನಿರಬೇಡಿರಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.