ತಂತಿಯದೋ, ಹಲಗೆಯದೋ

ತಂಬೂರಿಯನ್ನು ಮೀಟಿದಾಗ ಹೊಮ್ಮುವ ನಾದ ತಂತಿಯದೋ, ತಂತಿಯನ್ನು ಹೊತ್ತ ಹಲಗೆಯದೋ? ವಾದ್ಯ ಕಟ್ಟುವವರ ಈ ಪ್ರಶ್ನೆಯನ್ನು ನಾವು ನೀತಿಯ ಪ್ರಶ್ನೆಯಾಗಿಯೂ ಕಾಣುತ್ತೇವೆ. ದನಿಯೆತ್ತಿದವರ ಹೆಸರು ಉಳಿಯುತ್ತದೆ. ಆ ದನಿಯನ್ನು ಹೊತ್ತವರದು ಉಳಿಯುವುದು ಅಪರೂಪ.

ತಂತಿ ತೀರ ತೆಳು. ಅದು ಎಷ್ಟು ಕಂಪಿಸಿದರೂ ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳಲಾರದು. ಕುದುರೆಯ ಮೂಲಕ ಕಂಪನ ಅಗಲವಾದ ಹಲಗೆಗೆ ಇಳಿದಾಗಲೇ ಅದು ಸಭೆಗೆ ಕೇಳುತ್ತದೆ. ಹಾಗೆಂದು ಹಲಗೆಯನ್ನು ದಾನಶೂರನೆಂದು ಹೊಗಳುವುದೂ ಸಲ್ಲದು. ಅದು ತನ್ನ ಶಕ್ತಿಯನ್ನು ಎಳ್ಳಷ್ಟೂ ಸೇರಿಸುವುದಿಲ್ಲ. ತಂತಿಯಲ್ಲಿದ್ದುದನ್ನೇ ವೆಚ್ಚ ಮಾಡುತ್ತದೆ. ಹಗುರವಾಗಿ ಮಣಿಯುವ ಹಲಗೆ ಬೇಗ ವೆಚ್ಚಮಾಡಿಬಿಡುತ್ತದೆ: ನಾದ ದೊಡ್ಡದು, ಆಯುಷ್ಯ ಕಿರಿದು. ಬಿಗಿಯಾದ, ಭಾರದ ಹಲಗೆ ಜಿಪುಣ: ನಾದ ಮೆಲುವು, ಆದರೆ ದೀರ್ಘ. ಇನ್ನೂರಕ್ಕೂ ಮಿಕ್ಕ ತಂತಿಗಳ ಪಿಯಾನೋದಲ್ಲಿಯೂ, 8-9 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಹಲಗೆಯನ್ನು ಹೆರೆಯುವವನಿಗೆ ಇದೇ ಇಕ್ಕಟ್ಟು. ಎರಡೂ ಪೂರ್ತಿಯಾಗಿ ದಕ್ಕುವುದಿಲ್ಲ.

ಮರಿಕಲ್, ಮಕ್ತಲ್, ಗದ್ವಾಲಗಳ ಈ ಸೀಮೆಗೆ ಎರಡೂ ಬಗೆ ಪರಿಚಿತ. ತತ್ವಪದ ಹಾಡುವವರ ಏಕತಾರಿಯಲ್ಲಿ ಸೋರೆಬುರುಡೆಗೆ ತೊಗಲು ಬಿಗಿದಿರುತ್ತದೆ. ತೊಗಲು ಥಟ್ಟನೆ ದನಿಗೊಟ್ಟು ಥಟ್ಟನೆ ಸುಮ್ಮನಾಗುತ್ತದೆ; ಆದ್ದರಿಂದ ಹಾಡುವವನು ಹೆಜ್ಜೆಹೆಜ್ಜೆಗೂ ಮೀಟಬೇಕು. ಬೀದಿಯಲ್ಲಿ ನಡೆಯುತ್ತ ಹಾಡುವವನಿಗೆ ಅದೇ ತಕ್ಕದ್ದು. ಉತ್ತನೂರಿನ ಗೋಪಾಲದಾಸರ ಪರಂಪರೆಯವರು ಹಿಡಿದ ತಂಬೂರಿಗೆ ಮರದ ಮೇಲ್ಹಲಗೆ. ಅಲ್ಲಿ ಒಂದು ತಂತಿಯ ಗುಂಗು ಆರುವ ಮುನ್ನ ಇನ್ನೊಂದರದು ಬಂದು ಕೂಡುತ್ತದೆ.

1956ರಲ್ಲಿ ಈ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣಕ್ಕೆ. ಕಚೇರಿಯ ಮಾತು ತೆಲುಗಾಯಿತು. ಕನ್ನಡ ಅಡಿಗೆಮನೆ, ಹೊಲ, ಭಜನೆಗಳಲ್ಲಿ ನಿಂತಿತು. ನಮ್ಮ ಸಮ್ಮೇಳನಗಳು ತೊಗಲಿನ ಜಾತಿಯವು: ವೇದಿಕೆ, ಮೆರವಣಿಗೆ, ಒಂದೆರಡು ದಿನದ ದೊಡ್ಡ ದನಿ. ಇದನ್ನು ನಾವು ಹೀಗಳೆಯುವುದಿಲ್ಲ; ದೂರದವರಿಗೆ ಕೇಳಿಸಲು ಬೇರೆ ದಾರಿ ಕಾಣೆವು. ಆದರೆ ಮೊಮ್ಮಗನೊಡನೆ ದಿನವೂ ಕನ್ನಡದಲ್ಲಿಯೇ ಜಗಳವಾಡುವ ಅಜ್ಜಿ ಮರದ ಹಲಗೆ. ಆಕೆಯನ್ನು ಯಾವ ಸಮ್ಮೇಳನವೂ ಸನ್ಮಾನಿಸಿದ್ದನ್ನು ನಾವು ಕಂಡಿಲ್ಲ. ಸನ್ಮಾನಿಸಿದರೆ ಆಕೆ ನಕ್ಕಾಳು, ಅದು ಬೇರೆ ಮಾತು.

ಇನ್ನೊಂದನ್ನು ಮರೆಯಬಾರದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ನೂಲನ್ನು ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ವಾದ್ಯ ಬಲ್ಲವರು ಅದನ್ನು ಜೀವ ಎಂದು ಕರೆಯುತ್ತಾರೆ. ಅದು ತಂತಿಯೂ ಅಲ್ಲ, ಹಲಗೆಯೂ ಅಲ್ಲ.